ಮೂಟೆ ಚುಚ್ಚುವ ಮಾವನಿಗೆ ಸೂಜಿ ಭಯ

ಆ ಬೆಳಿಗ್ಗೆಯೂ ಎಲ್ಲ ಬೆಳಿಗ್ಗೆಗಳ ಹಾಗೆಯೇ ಶುರುವಾಯಿತು. ಬಾಗಿಲಿಗೆ ನೀರು ಹಾಕಿದೆ, ಚಿಕ್ಕದೊಂದು ರಂಗೋಲಿ ಎಳೆದೆ, ಹಾಲಿನ ಪಾತ್ರೆಯನ್ನು ಒಲೆಯ ಮೇಲಿಟ್ಟು ಇವತ್ತು ಉಕ್ಕಲು ಬಿಡುವುದೇ ಇಲ್ಲವೆಂದು ಅದರೆದುರು ಕಾವಲು ನಿಂತೆ, ಒಂದು ಗಳಿಗೆ ಫೋನು ನೋಡಿದೆ, ಹಾಲು ಉಕ್ಕಿತು. ಒಲೆ ಒರೆಸುತ್ತಿರುವಾಗ ಹೊರಗೆ ಚಪ್ಪಲಿಯ ಸದ್ದು. ಎಡಗಾಲಿನದು ‘ಟಪ್’, ಬಲಗಾಲಿನದು ‘ಸರ್’. ನಮ್ಮ ಬೀದಿಯಲ್ಲಿ ಹೀಗೆ ಎರಡು ರಾಗದಲ್ಲಿ ನಡೆಯುವವರು ಒಬ್ಬರೇ, ನನ್ನ ಸೋದರಮಾವ.

“ಕಾಫಿ ಇಡ್ಬೇಡ ಕಣೇ! ಖಾಲಿ ಹೊಟ್ಟೆ ಅಂದ್ರೆ ಖಾಲಿ ಹೊಟ್ಟೇನೇ!” ಎಂದು ಗೇಟಿನಿಂದಲೇ ಕೂಗಿದರು. ಮಧುಗಿರಿಯ ಅರ್ಧ ಊರಿಗೆ ನಮ್ಮ ಹೊಟ್ಟೆಯ ಸಮಾಚಾರ ತಿಳಿಯಿತು.

ಖಾಲಿ ಹೊಟ್ಟೆಯಂತೆ! ಆ ಹೊಟ್ಟೆಯ ಹಿಂದೆ ‘ಖಾಲಿ’ ಎಂಬ ಮಾತು ಸೇರಿಸಲು ಎಷ್ಟು ಧೈರ್ಯ ಬೇಕು, ನೋಡಿದವರಿಗಷ್ಟೇ ಗೊತ್ತು. ಅವರು ಗೇಟಿನೊಳಗೆ ಬಂದರೆ ಮೊದಲು ಹೊಟ್ಟೆ ಬರುತ್ತದೆ, ಆಮೇಲೆ ವಿಭೂತಿ ಬರುತ್ತದೆ, ಕೊನೆಗೆ ಮಾವ ಬರುತ್ತಾರೆ.

ಆ ವಿಭೂತಿಯ ಹಿಂದೆ ಮೂರನೆಯ ಕಣ್ಣೊಂದಿದೆ. ನಗಬೇಡಿ, ನಿಜ ಹೇಳುತ್ತಿದ್ದೇನೆ. ಶಿವನ ಮೂರನೆಯ ಕಣ್ಣು ತೆರೆದಾಗ ಸುಟ್ಟುಹೋದವನು ಕಾಮ. ನಮ್ಮ ಮಾವನದು ತೆರೆದಾಗ ಸುಟ್ಟುಹೋಗುವುದು ಎದುರಿನವರ ಊಟದ ರುಚಿ. ಯಾರಿಗೆ ಸಕ್ಕರೆ ಕಾಯಿಲೆ ಬರಲಿದೆ ಎನ್ನುವುದು, ಆ ಕಾಯಿಲೆಗೆ ಗೊತ್ತಾಗುವ ಮೊದಲೇ ಅವರಿಗೆ ಗೊತ್ತಾಗುತ್ತದೆ. ಊರಿನವರದೆಲ್ಲ ಗೊತ್ತಾಗುತ್ತದೆ, ತಮ್ಮದೊಂದನ್ನು ಬಿಟ್ಟು!

ಈ ವಿದ್ಯೆ ಅವರಿಗೆ ಬಂದದ್ದು ಕಡಲೆಕಾಯಿಯಿಂದ. ಆಯುಷ್ಯವನ್ನೆಲ್ಲ ಅವರು ಕಳೆದದ್ದು ಕಡಲೆಕಾಯಿ ವ್ಯಾಪಾರದಲ್ಲಿ. ಗೌಡಗೆರೆ, ದೊಡ್ಡೇರಿ, ಎಲ್ಲಿ ಕಾಯಿ ಕಿತ್ತರೂ ಅಲ್ಲಿ ಮಾವ ಹಾಜರು. ಕೈಯಲ್ಲಿ ಚೂಪು ಮೂತಿಯ ಕಬ್ಬಿಣದ ಕೊಳವೆ. ಅದನ್ನು ಮೂಟೆಯ ಪಕ್ಕೆಗೆ ಚುಚ್ಚಿದರೆ ಒಂದು ಹಿಡಿ ಕಾಯಿ ಅಂಗೈಗೆ ಉದುರುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು, ಒಂದನ್ನು ಬಿಡಿಸುವುದು, ಬೀಜ ಕಚ್ಚುವುದು, ಮುಗಿಯಿತು ತೀರ್ಪು. “ಒಂದು ಹಿಡಿ ನೋಡಿದ್ರೆ ಇಡೀ ಲೋಡು ನೋಡ್ದಂಗೆ ಕಣಮ್ಮ” ಎನ್ನುವುದು ಅವರ ಮಂತ್ರ.

ಆ ವ್ಯಾಪಾರದ ಇನ್ನೊಂದು ನಿಯಮವನ್ನೂ ಅವರು ಮನೆಮಂದಿಗೆಲ್ಲ ಬೋಧಿಸಿದ್ದಾರೆ. ನಿಮಗೆ ಬೇಕಾದ ಮೂಟೆಗೆ ಮೊದಲು ಕೈ ಹಾಕಬಾರದು. ಕಣ್ಣು ಅದರ ಮೇಲಿದ್ದರೂ ಕೈ ಬೇರೆ ಮೂಟೆಗಳ ಮೇಲಿರಬೇಕು. ಅದನ್ನು ಚುಚ್ಚು, ಇದನ್ನು ಚುಚ್ಚು, ಮೂಗು ಮುರಿ, ಕೊನೆಗೆ ಹೊರಡುವಾಗ ಏನೋ ನೆನಪಾದಂತೆ “ಇದೂ ಒಂದು ನೋಡೇ ಬುಡಾನ” ಎಂದು ಬೇಕಾದ್ದಕ್ಕೆ ಬರಬೇಕು. ಇಲ್ಲದಿದ್ದರೆ ಮಾರುವವನು ಬಿಗಿಯಾಗುತ್ತಾನಂತೆ.

ಒಳ್ಳೆಯದೇ. ಆದರೆ ಈ ಮನುಷ್ಯ ಹೆಣ್ಣು ನೋಡಲು ಹೋದಾಗಲೂ ಇದನ್ನೇ ಮಾಡಬೇಕೆ? ಕೊರಟಗೆರೆ ಕಡೆ ನಮ್ಮ ಅತ್ತೆಯನ್ನು ನೋಡಲು ಹೋದವರು ಹುಡುಗಿಯ ಕಡೆ ತಲೆ ಎತ್ತಲೇ ಇಲ್ಲವಂತೆ. ಬಾವಿಯ ನೀರು ಎಷ್ಟು ಆಳದಲ್ಲಿದೆ, ಹಿತ್ತಲಿನ ನಿಂಬೆಗಿಡ ಯಾವಾಗ ಬಿಡುತ್ತದೆ, ಕೊಟ್ಟಿಗೆಯ ಹಸು ಎಷ್ಟನೆಯ ಕರು ಹಾಕಿದೆ, ಇದೇ ವಿಚಾರಣೆ. ಕೊನೆಗೆ ಹುಡುಗಿಯ ತಂದೆ ಎದ್ದು ಕೈಮುಗಿದು “ಸ್ವಾಮಿ, ಹಸು ಮಾತ್ರ ಕೊಡಕಾಗಲ್ಲ” ಎಂದರಂತೆ! ನಮ್ಮತ್ತೆ ಇವತ್ತಿಗೂ ಸಿಟ್ಟು ಬಂದಾಗ “ಹೋಗಿ, ಆ ಹಸೂನೇ ಕಟ್ಕಳಿ” ಎನ್ನುತ್ತಾರೆ.

ವ್ಯಾಪಾರ ಬಿಟ್ಟ ಮೇಲೆ ಚುಚ್ಚುವುದಕ್ಕೆ ಮೂಟೆಗಳಿಲ್ಲದೆ ಕೈ ತುರಿಸುತ್ತಿತ್ತೋ ಏನೋ. ಹೋದ ವರ್ಷ ನಮ್ಮೂರಿನಲ್ಲಿ ಆರೋಗ್ಯ ತಪಾಸಣಾ ಶಿಬಿರ ಆಯಿತು. ಯಾವ ಭಾಷಣ ಶುರುವಾದರೂ ಎರಡನೆಯ ವಾಕ್ಯಕ್ಕೆ ನಿದ್ದೆ ಹೋಗುವ ಮಾವ ಅವತ್ತು ಮುಂದಿನ ಸಾಲಿನಲ್ಲಿ ಕಣ್ಣರಳಿಸಿ ಕೂತಿದ್ದರು. ಡಾಕ್ಟರು ಹೇಳಿದ್ದು ಇಷ್ಟೇ: ಸಕ್ಕರೆ ಕಾಯಿಲೆ ಏಕಾಏಕಿ ಬರುವುದಿಲ್ಲ, ಬರುವ ಮುಂಚೆ ಮೈ ಸೂಚನೆ ಕೊಡುತ್ತದೆ. ತೂಕ ಜಾಸ್ತಿ ಇರುವವರು ಸೊಂಟದ ಸುತ್ತಳತೆ ನೋಡಿಕೊಳ್ಳಬೇಕು. ಕತ್ತಿನ ಹಿಂದೆ ಚರ್ಮ ಕಪ್ಪಗೆ, ಮಂದವಾಗಿ ಆಗಿದೆಯೇ, ಸಣ್ಣ ಸಣ್ಣ ನರುಲಿ ಎದ್ದಿವೆಯೇ ನೋಡಬೇಕು. ಆಮೇಲೆ ಖಾಲಿ ಹೊಟ್ಟೆಯ ರಕ್ತ, ಮೂರು ತಿಂಗಳ ಸಕ್ಕರೆಯ ಸರಾಸರಿ, ರಕ್ತದಲ್ಲಿನ ಕೊಬ್ಬು. ಇವಿಷ್ಟು ನೋಡಿದರೆ ಯಾರು ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದಾರೆ ಎಂದು ಮೊದಲೇ ಗೊತ್ತಾಗುತ್ತದೆ, ಅಲ್ಲಿಂದ ಹಿಂದಕ್ಕೂ ಬರಬಹುದು.

ಹೊಸ್ತಿಲು ಎಂಬ ಮಾತು ಮಾವನಿಗೆ ಹಿಡಿಸಲಿಲ್ಲ. ಅದಕ್ಕೆ ‘ಪಾವಗಡ ಸ್ಟೇಜು’ ಎಂದು ನಾಮಕರಣ ಮಾಡಿದರು. “ನೋಡಮ್ಮ, ಪಾವಗಡ ನಮ್ ಜಿಲ್ಲೇನೇ. ಆದ್ರೆ ಸುತ್ತ ಆಂಧ್ರ. ಕಾಲು ಜಾರಿದ್ರೆ ಆ ಕಡೆ. ಹುಷಾರಾಗಿದ್ರೆ ಬಸ್ಸತ್ಕಂಡು ಮಧುಗಿರಿಗೆ ವಾಪಸ್ ಬಂದ್ಬುಡಬೋದು!”

ಅಂದಿನಿಂದ ಊರಿನ ಕತ್ತುಗಳಿಗೆ ನೆಮ್ಮದಿಯಿಲ್ಲ. ಕಟಿಂಗ್ ಅಂಗಡಿಯಲ್ಲಿ ತಲೆ ತಗ್ಗಿಸಿ ಕೂತವರ ಹಿಂದೆ ಹೋಗಿ ನಿಲ್ಲುತ್ತಾರೆ. ದೇವಸ್ಥಾನದಲ್ಲಿ ಜನ ನಮಸ್ಕಾರಕ್ಕೆ ಬಗ್ಗಿದರೆ ಇವರು ದೇವರನ್ನು ಬಿಟ್ಟು ಭಕ್ತರ ಕತ್ತು ನೋಡುತ್ತಾರೆ. ಬಸ್ಸಿನಲ್ಲಿ ಮುಂದಿನ ಸೀಟಿನವರ ಭುಜ ತಟ್ಟಿ “ಸ್ವಾಮಿ, ಕಾಲರ್ ಸ್ವಲ್ಪ ಕೆಳಗಿಳಸ್ತೀರಾ?” ಎಂದಾಗ ಪಕ್ಕದಲ್ಲಿದ್ದ ನಾನು ಕಿಟಕಿಯಿಂದ ಹಾರಿಬಿಡೋಣ ಅಂದುಕೊಂಡಿದ್ದೆ. ಇನ್ನೊಬ್ಬರ ಮೈಕಟ್ಟಿನ ಬಗ್ಗೆ ಮಾತಾಡುವುದು ಅಸಭ್ಯ ಎಂದು ಕಾನ್ವೆಂಟಿನ ಸಿಸ್ಟರುಗಳು ತಲೆಗೆ ತುಂಬಿ ಕಳಿಸಿದ ಹುಡುಗಿ ನಾನು. ಮಾವನ ಜೊತೆ ಒಂದು ದಿನ ಓಡಾಡಿದರೆ ಸಾಕು, ಶಾಲೆಯಲ್ಲಿ ಕಲಿತ ‘ಸಾರಿ’ಗಳೆಲ್ಲ ಖರ್ಚಾಗಿಬಿಡುತ್ತವೆ.

“ಮಾವ, ಊರಿನವರ ಸೊಂಟ ಬಿಡಿ. ನಿಮ್ಮದು?” ಎಂದು ಒಮ್ಮೆ ಕೇಳಿಯೇಬಿಟ್ಟೆ.

ಅಂಗಿ ಎತ್ತಿ ಬೆಳ್ಳಿ ಉಡಿದಾರ ತೋರಿಸಿದರು. “ಮದ್ವೇಲಿ ಹಾಕಿದ್ದು ಕಣಮ್ಮ. ಇವತ್ತಿನವರ್ಗೂ ಒಂದು ಕೊಂಡಿ ಸೇರ್ಸಿಲ್ಲ. ಸೊಂಟ ಬೆಳೆದಿದ್ರೆ ಇದು ಪಟ್ಟಂತ ಕಿತ್ತೋಗ್ಬೇಕಿತ್ತೋ ಬೇಡ್ವೋ?”

ಎಂಥ ತರ್ಕ! ಉಡಿದಾರವೇನೋ ಅದೇ. ಆದರೆ ಮದುವೆಯಲ್ಲಿ ಹೊಕ್ಕುಳಿನ ನೆರೆಯಲ್ಲಿದ್ದ ಅದು, ಹೊಟ್ಟೆ ಮುಂದೆ ಬಂದ ಹಾಗೆಲ್ಲ ಮರ್ಯಾದೆಯಿಂದ ಕೆಳಗೆ ಸರಿಯುತ್ತಾ ಸರಿಯುತ್ತಾ ಈಗ ನಮ್ಮ ಬೆಟ್ಟದ ಬುಡದ ರಸ್ತೆಯಂತೆ ಸುತ್ತು ಹಾಕಿಕೊಂಡು ಬಿದ್ದಿದೆ. ರಸ್ತೆ ಉದ್ದವಾಗಿಲ್ಲ ಎಂದ ಮಾತ್ರಕ್ಕೆ ಮೇಲೆ ಬೆಟ್ಟವೇ ಇಲ್ಲ ಎನ್ನಲಾದೀತೆ?

ಆಮೇಲೆ ಬೆರಳು ಚುಚ್ಚಿ ಸಕ್ಕರೆ ನೋಡುವ ಯಂತ್ರ ಕೊಂಡರು. ನಮ್ಮ ಯಜಮಾನರು ಬ್ಯಾಂಕಿಗೆ ಹೊರಡುವಾಗ ಬಾಗಿಲಲ್ಲೇ ಹಿಡಿದು ಚುಚ್ಚಿದರು. ಹಾಲಿನವನನ್ನು ಚುಚ್ಚಿದರು, ಅವನು ಮಾರನೆಯ ದಿನದಿಂದ ಹಾಲನ್ನು ಗೇಟಿನ ಹೊರಗೆ ಇಟ್ಟು ಓಡತೊಡಗಿದ. ಪಕ್ಕದ ಮನೆಯ ಸುಶೀಲಮ್ಮನ ಯಜಮಾನರಿಗೆ ಮೊದಲೇ ಸಕ್ಕರೆ ಕಾಯಿಲೆ; ಅವರನ್ನೂ ಬಿಡಲಿಲ್ಲ. ನನ್ನ ಸರದಿ ಬಂದಾಗ ಮಾತ್ರ “ನಿಂದು ಅಡುಗೆ ಮಾಡೋ ಕೈ, ಇರ್ಲಿ ಬುಡು” ಎಂದರು. ನನ್ನ ಅಡುಗೆಗೆ ಸಿಕ್ಕ ಗೌರವ ಎಂದು ನಾನು ಉಬ್ಬಿದೆ.

“ನಿಮ್ಮ ಬೆರಳು ಕೊಡಿ” ಎಂದರೆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಮೊದಲು ಯಂತ್ರ ಸರಿಯಾಗಿದೆಯೋ ನೋಡಬೇಕಂತೆ. ಲೋಟದ ತಳದಲ್ಲಿದ್ದ ಕಾಫಿಯ ಒಂದು ಹನಿಯನ್ನು ಅದಕ್ಕೆ ಕುಡಿಸಿದರು. ಅದು ಬೆದರಿ ತಪ್ಪು ಎಂದು ತೋರಿಸಿತು. “ನೋಡ್ದಾ? ನಿನ್ನ ಕಾಫೀಲಿ ಸಕ್ಕರೇನೇ ಇಲ್ಲ. ಇನ್ನೊಂದು ಲೋಟ ತಾ!”

ಪಾವಗಡದ ಹತ್ತಿರ ರಾಯಚರ್ಲಿನಲ್ಲಿ ನಮ್ಮ ಬೀಗರೊಬ್ಬರ ಗೃಹಪ್ರವೇಶ. ಅವರ ಹೊಲಗಳ ಮೇಲೆಲ್ಲ ಈಗ ಸೋಲಾರ್ ಫಲಕಗಳು. ಬಿಸಿಲು ದುಡಿಯುತ್ತದೆ, ಬೀಗರು ಕೂರುತ್ತಾರೆ. ಕೂತು ಕೂತು ಅವರ ಸುತ್ತಳತೆಯೂ ಮಾವನದಕ್ಕೆ ಸವಾಲು ಹಾಕುವಂತಾಗಿದೆ. ಪಂಕ್ತಿಯಲ್ಲಿ ಅವರ ಪಕ್ಕವೇ ಕೂತ ಮಾವ ಕತ್ತು ಬಗ್ಗಿಸಿ ನೋಡಿ, ಇಡೀ ಸಾಲಿಗೆ ಕೇಳುವಂತೆ ಘೋಷಿಸಿದರು: “ಬೀಗ್ರೇ, ನಿಮ್ಮ ಹೊಲ್ದಾಗೆ ಕರೆಂಟು ಬೆಳೀತಾ ಐತೆ, ನಿಮ್ಮ ಮೈಯಾಗೆ ಸಕ್ಕರೆ ಬೆಳೀತಾ ಐತೆ!”

“ಊರುಕೋ ಬಾವಾ! ಉಣ್ಣೋ ಹೊತ್ನಾಗೆ ಎಂದುಕಯ್ಯಾ ಆ ಮಾಟಲು?” ಎಂದು, ಸುಮ್ಮನಿರು, ಆ ಮಾತೇಕೆ ಎಂಬುದನ್ನು ಬೀಗರು ಅರ್ಧ ತೆಲುಗಿನಲ್ಲಿ ಗದರಿ, ಬರುತ್ತಿದ್ದ ಒಬ್ಬಟ್ಟಿನ ತಟ್ಟೆಯನ್ನು ಸಿಟ್ಟಿನಿಂದ ವಾಪಸ್ ಕಳಿಸಿಬಿಟ್ಟರು. ಅವರ ಮನೆಯ ಶುಭಕಾರ್ಯ, ಅವರದೇ ಒಬ್ಬಟ್ಟು, ಅವರೇ ಉಣ್ಣಲಿಲ್ಲ!

ಅಷ್ಟಕ್ಕೆ ಸುಮ್ಮನಾದರೇ ಈ ಮಹಾತ್ಮ? ನನ್ನ ಎಲೆಗೆ ಬಿದ್ದಿದ್ದ ಒಬ್ಬಟ್ಟನ್ನು, ತುಪ್ಪ ಇನ್ನೂ ಹರಿಯುತ್ತಿದ್ದದ್ದನ್ನು, “ನಿಂಗ್ಯಾಕೆ, ಇತ್ತಲಾಗ್ ತಾ” ಎಂದು ಎತ್ತಿ ತಮ್ಮ ಎಲೆಗೆ ಹಾಕಿಕೊಂಡರು. ನನ್ನ ತಟ್ಟೆಯ ಸಿಹಿಯ ಮೇಲೆ ಅವರಿಗೆ ಅದೇನು ಕಣ್ಣೋ, ಯುಗಾದಿಯಿಂದ ಇದೇ ಕಥೆ. ಹೋಗಲಿ, ತಿಂದರೇ? ಊಟ ಮುಗಿಸಿ ಎಲೆ ಮಡಿಸುವಾಗ ಎರಡೂ ಒಬ್ಬಟ್ಟು ಹಾಗೇ ಒಳಗೆ ಸೇರಿದ್ದನ್ನು ನಾನು ಕಣ್ಣಾರೆ ಕಂಡೆ. ತಾನೂ ತಿನ್ನ, ಇನ್ನೊಬ್ಬರಿಗೂ ಬಿಡ!

ಇಷ್ಟೆಲ್ಲ ಆಡಿಕೊಂಡರೂ ನನ್ನೊಳಗೆ ಒಂದು ಅಳುಕಿತ್ತು. ನಮ್ಮಮ್ಮ, ಎಂದರೆ ಅವರ ಅಕ್ಕ, ಹೋದದ್ದು ಈ ಸಕ್ಕರೆಯಿಂದಲೇ. ಗೊತ್ತಾಗುವ ಹೊತ್ತಿಗೆ ಕಾಲಿನ ಗಾಯ ಮಾಯುವ ಹಂತ ದಾಟಿತ್ತು. ಅಮ್ಮ ಹೋದ ಮೇಲೆ ತವರು ಎಂದು ನನಗೆ ಉಳಿದದ್ದು ಎರಡು ರಾಗದ ಆ ಚಪ್ಪಲಿಯ ಸದ್ದು ಮಾತ್ರ. ಆ ಹೊಟ್ಟೆ, ಆ ಕತ್ತು, ಕತ್ತಿನ ಸುತ್ತ ಎದ್ದ ನರುಲಿ, ಎಲ್ಲವೂ ಅವರೇ ಹೇಳುವ ಸೂಚನೆಗಳು. ರಕ್ತ ಕೊಡಿ ಮಾವ ಎಂದರೆ ಏನು ಹೇಳುವುದು? ಸೂಜಿ ಭಯ! ಬದುಕಿಡೀ ಮೂಟೆಗಳನ್ನು ಚುಚ್ಚಿದ ಶೂರನಿಗೆ ಒಂದು ಸೂಜಿಯ ಭಯ!

“ಒಂದು ಹಿಡೀಲಿ ಲೋಡು ಗೊತ್ತಾಗತ್ತೆ ಅಂತೀರಲ್ಲ, ಒಂದು ತೊಟ್ಟು ರಕ್ತದಲ್ಲಿ ನೀವು ಗೊತ್ತಾಗಲ್ವಾ?” ಎಂದರೆ “ಮೂಟೆಗೆ ನೋವಾಗಲ್ಲ ಕಣೇ” ಎನ್ನುತ್ತಿದ್ದರು. “ನಮ್ಮೂರ ಹೆಸ್ರಲ್ಲೇ ಮಧು ಐತೆ, ಮೈಯಾಗೆ ಒಂಚೂರು ಇದ್ರೆ ಇರ್ಲಿ ಬುಡು!” ಸುಶೀಲಮ್ಮನ ಯಜಮಾನರು ತಪಾಸಣೆಗೆಂದು ಸಿರಾಕ್ಕೆ ಹೋದಾಗಲೆಲ್ಲ ಇವರೂ ಜೊತೆಗೆ ಬಸ್ಸು ಹತ್ತುತ್ತಿದ್ದರು; “ಅಲ್ಲೇ ನೀವೂ ತೋರಿಸ್ಕೊಂಡು ಬನ್ನಿ” ಎಂದರೆ “ನಾನು ಹೋಗೋದು ಕಾಯಿ ರೇಟು ಕೇಳಕ್ಕೆ” ಎನ್ನುತ್ತಿದ್ದರು. ವ್ಯಾಪಾರವೇ ಇಲ್ಲದವರಿಗೆ ರೇಟು ಯಾಕೆ?

ತಿಂಗಳುಗಟ್ಟಲೆ ಕಾಡಿದ ಮೇಲೆ ಹಿಂದಿನ ದಿನವಷ್ಟೇ ಒಪ್ಪಿದ್ದರು, ಒಂದು ಷರತ್ತಿನ ಮೇಲೆ. “ನೀನು ಜೊತೇಲಿ ಬರ್ಬೇಕು. ನೀನೂ ಖಾಲಿ ಹೊಟ್ಟೇಲಿ ಬರ್ಬೇಕು. ನಾನೊಬ್ನೇ ಯಾಕೆ ಉಪವಾಸ ಸಾಯ್ಲಿ?” ಸರಿ, ಹಾಳಾಗಲಿ ಎಂದು ಒಪ್ಪಿಕೊಂಡೆ. ಹಾಗಾಗಿ ಆ ಬೆಳಿಗ್ಗೆ ಉಕ್ಕಿ ಉಳಿದ ಹಾಲನ್ನು ಮುಚ್ಚಿಟ್ಟು ಇಬ್ಬರೂ ಹೊರಟೆವು.

ಲ್ಯಾಬು ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ. ತಟ್ಟೆ ಇಡ್ಲಿ ಹೋಟೆಲಿನ ಮುಂದೆ ಹಾಯುವಾಗ ಮಾವ ಮೂಗು ಮುಚ್ಚಿಕೊಂಡು ನಡೆದರು. ಸ್ವಲ್ಪ ದೂರ ಹೋದ ಮೇಲೆ, ಎದುರಿಗೆ ನೋಡುತ್ತಲೇ, “ನಮ್ಮಕ್ಕನ ಕತ್ತೂ ಕಪ್ಪಗಿತ್ತು ಕಣೇ” ಎಂದರು. “ಸರ ಉಜ್ಜಿ ಉಜ್ಜಿ ಅಂಗಾಗೈತೆ ಅಂದ್ಕಂಡ್ವಿ. ಲೋಡುಗಟ್ಲೆ ಮಾಲು ನೋಡ್ದೋನು ನಾನು, ಮನೇ ಮೂಟೆ ನೋಡ್ಲಿಲ್ಲ.”

“ಅದಕ್ಕೇ ಇವತ್ತು ನಿಮ್ಮ ಮೂಟೆ ಚುಚ್ಚಿಸೋದು, ನಡೀರಿ” ಎಂದು ನಗಿಸಲು ನೋಡಿದೆ. ಅವರು ನಗಲಿಲ್ಲ. ಹಸಿವು ಇರಬೇಕು ಅಂದುಕೊಂಡೆ.

ಲ್ಯಾಬಿನ ಹುಡುಗಿ ಟೇಪು ತೆಗೆದಳು. ಮಾವ ಉಡಿದಾರದ ಮೇಲೆ ಅಳೆಯಬೇಕು ಎಂದರು, ಅವಳು ಹೊಟ್ಟೆಯ ಮೇಲೆ ಅಳೆಯಬೇಕು ಎಂದಳು. “ತೂಕಕ್ಕೆ ಇಡೋವಾಗ ಮೂಟೆ ಮೂತಿ ಹಿಡ್ಕಂತಾರೋ, ಹೊಟ್ಟೆ ಹಿಡ್ಕಂತಾರೋ?” ಎಂದು ಇವರು. “ತಾತ, ಉಸಿರು ಬಿಡಿ, ಹೊಟ್ಟೆ ಒಳಗೆ ಎಳ್ಕೊಂಡ್ರೆ ಅಳತೆ ಸಿಗಲ್ಲ” ಎಂದು ಅವಳು. ಉಸಿರು ಬಿಟ್ಟರು. ಟೇಪು ಅವಳ ಕೈಯಿಂದ ಚಿಮ್ಮಿ ಹೋಯಿತು.

ಸೂಜಿ ಕಂಡದ್ದೇ ತಡ, ಕುರ್ಚಿಯಿಂದ ಎದ್ದೇಬಿಟ್ಟರು. “ಏನವ್ವಾ ಇದು, ಬೋರ್‌ವೆಲ್ ಕೊರೀತೀಯಾ? ಮೊದ್ಲು ನಮ್ ಹುಡುಗಿ ಕೂತ್ಕಳ್ಳಿ. ಅವಳಿಗೇನೂ ಆಗ್ದಿದ್ರೆ ಆಮೇಲೆ ನಾನು!”

“ಮಾವ, ಚೆನ್ನಾಗಿರಲ್ಲ. ಎಲ್ಲರೂ ನೋಡ್ತಿದಾರೆ.”

“ನೋಡ್ಲಿ! ನಂಗೆ ಬರ್ದಿರೋ ಟೆಸ್ಟೆಲ್ಲ ಅವಳಿಗೂ ಮಾಡವ್ವ. ಮೂರು ತಿಂಗ್ಳುದ್ದು, ಕೊಬ್ಬಿಂದು, ಎಲ್ಲಾ. ಅವಳಿಗೊಂದು ಕಮ್ಮಿ ಆದ್ರೂ ನಾನು ಎದ್ದೋಯ್ತೀನಿ!”

ಪುಟ್ಟ ಮಗುವಿಗೆ ಔಷಧಿ ಕುಡಿಸಲು ತಾಯಿ ತಾನು ಮೊದಲು ಕುಡಿದು ತೋರಿಸುವಂತೆ, ಈ ದೊಡ್ಡ ಮಗುವಿಗಾಗಿ ನಾನು ಹೋಗಿ ಕೂತೆ. ಹುಡುಗಿ ತೋಳಿಗೆ ಪಟ್ಟಿ ಕಟ್ಟಿ, ರಕ್ತ ತೆಗೆದು, ಹತ್ತಿ ಒತ್ತಿ ಹಿಡಿಯಲು ಹೇಳಿದಳು. ಅವಳು ಬಗ್ಗಿದಾಗ ನನ್ನ ಕತ್ತಿನ ಹತ್ತಿರ ಒಂದು ಕ್ಷಣ ತಡೆದಳು.

“ಮೇಡಂ, ಇಲ್ಲಿ ಹಿಂದೆ ಕಪ್ಪಗಾಗಿರೋದು ತುಂಬ ದಿನದಿಂದಾನಾ?”

“ಓ, ಅದಾ? ಎಷ್ಟು ಕಡಲೆಹಿಟ್ಟು ಹಾಕಿ ತಿಕ್ಕಿದರೂ ಹೋಗಲ್ಲ. ಅದು ಮಾಂಗಲ್ಯದ ಸರ ಉಜ್ಜಿ ಉಜ್ಜಿ...”

ತಿರುಗಿ ಮಾವನನ್ನು ನೋಡಿದೆ. ಊರೆಲ್ಲರ ಕಾಲರು ಇಳಿಸಿ ಕತ್ತು ನೋಡಿದ ಮನುಷ್ಯ, ಗೋಡೆಯ ಕ್ಯಾಲೆಂಡರಿನಲ್ಲಿ ಯಾರದೋ ಮದುವೆಗೆ ಮುಹೂರ್ತ ಹುಡುಕುವವರಂತೆ ಮುಖ ಮಾಡಿಕೊಂಡು ನಿಂತಿದ್ದರು.

ಆಮೇಲೆ ಅವರ ಸರದಿ. ಕಣ್ಣು ಮುಚ್ಚಿ “ಶಿವ ಶಿವಾ” ಎಂದು ಬೀದಿಗೆ ಕೇಳುವಂತೆ ಕೂಗಿದರೇ ಹೊರತು ಕೈಯೇನೂ ನಡುಗಲಿಲ್ಲ. ಹುಡುಗಿ ಹೇಳುವ ಮೊದಲೇ ಅಂಗಿಯ ತೋಳು ಮೇಲಕ್ಕೆ ಮಡಿಸಿ, ಹೆಬ್ಬೆರಳು ಒಳಗಿಟ್ಟು ಮುಷ್ಟಿ ಕಟ್ಟಿದ್ದರು. ಭಯಕ್ಕೆ ಹಾಗೆ ಮಾಡಿರಬೇಕು ಎಂದುಕೊಂಡೆ.

ದೀಪ ಹಚ್ಚುವ ಹೊತ್ತಿಗೆ ಮಾವ ಮತ್ತೆ ನಮ್ಮ ಮನೆಗೆ ಬಂದು ಕೂತಿದ್ದರು, ಫೋನಿಗೆ ರಿಪೋರ್ಟುಗಳು ಬಂದವು. ಯಜಮಾನರು ನನ್ನದನ್ನು ಎರಡು ಸಲ ಓದಿ ಕನ್ನಡಕ ತೆಗೆದು ಒರೆಸಿದರು. ಕಾಯಿಲೆ ಇನ್ನೂ ಅಲ್ಲ, ಹೊಸ್ತಿಲು. ಖಾಲಿ ಹೊಟ್ಟೆಯದೂ, ಮೂರು ತಿಂಗಳಿನದೂ ಅದನ್ನೇ ಹೇಳುತ್ತಿದ್ದವು. ನಾನು ಇದ್ದಲ್ಲೇ ನೆಲಕ್ಕೆ ಕೂತೆ. ಅಮ್ಮನ ಕಾಲಿನ ಬ್ಯಾಂಡೇಜು, ಅದರ ಡೆಟಾಲಿನ ವಾಸನೆ ಎಲ್ಲ ಒಟ್ಟಿಗೆ ನುಗ್ಗಿ ಬಂದವು.

ಮಾವ ತಮ್ಮ ರಿಪೋರ್ಟು ಕೇಳಲೇ ಇಲ್ಲ. ನನ್ನ ಪಕ್ಕದಲ್ಲಿ ನೆಲದ ಮೇಲೆ, ಆ ಹೊಟ್ಟೆ ಹೊತ್ತುಕೊಂಡು ಕಷ್ಟಪಟ್ಟು ಕೂತರು. “ಲೇ, ಅಳ್ತೀಯೇನೇ? ಪಾವಗಡ ಕಣೇ, ಪಾವಗಡ. ಆಂಧ್ರ ಅಲ್ಲ. ನಾಳೆ ಬೆಳಿಗ್ಗಿಂದ ಬೆಟ್ಟದ ಬುಡದಾಗೆ ಇಬ್ರೂ ನಡೆಯಾನ. ಬಸ್ಸು ಸಿಕ್ಕಿಲ್ಲ ಅಂದ್ರೆ ನಡ್ಕಂಡೇ ವಾಪಸ್ ಬಂದ್ಬುಡಾನ.”

ಹೊರಡುವಾಗ ಒಲೆಯ ಹತ್ತಿರ ಹೋಗಿ ಸಕ್ಕರೆ ಡಬ್ಬ ಎತ್ತಿ ಚೀಲಕ್ಕೆ ಹಾಕಿಕೊಂಡರು. “ಇದು ನಂಗೆ ಬೇಕು.” ನಾನು ಈ ಸಲ ಬೇಡ ಎನ್ನಲಿಲ್ಲ. ಟಪ್, ಸರ್, ಟಪ್, ಸರ್ ಎಂದು ಸದ್ದು ಬೀದಿಯ ತಿರುವಿನವರೆಗೂ ಹೋಯಿತು.

ಕಣ್ಣು ತೊಳೆದುಕೊಂಡು ಹಿತ್ತಲಿಗೆ ಬಂದರೆ, ಕಾಂಪೌಂಡಿನ ಆಚೆ ಸುಶೀಲಮ್ಮ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಏನಾದರೂ ಮಾತಾಡಬೇಕಲ್ಲ ಎಂದು, “ಅಂತೂ ನಮ್ಮ ಮಾವನ ಸೂಜಿ ಭಯ ಬಿಡಿಸಿಬಿಟ್ಟೆ ಸುಶೀಲಮ್ಮ, ಇವತ್ತು ರಕ್ತ ಕೊಟ್ಟರು” ಎಂದೆ.

ಸುಶೀಲಮ್ಮ ಕ್ಲಿಪ್ಪನ್ನು ಬಾಯಿಂದ ತೆಗೆದು ನಕ್ಕರು. “ಸೂಜಿ ಭಯಾನಾ? ಅವ್ರಿಗಾ? ಚೆನ್ನಾಗಂದೆ ಕಣಮ್ಮ! ನಮ್ಮನೆಯೋರ ಜೊತೆ ಸಿರಾಕ್ಕೆ ಹೋದಾಗ್ಲೆಲ್ಲ ಮೊದ್ಲು ಕೈ ಚಾಚೋರೇ ಅವ್ರಂತೆ. ಅವ್ರ ಸಕ್ಕರೇನೂ ಹೊಸ್ತಿಲಿಗೆ ಬಂದಿತ್ತಂತೆ, ಈಗ ಇಳಿದೈತಂತೆ. ಪ್ರತೀ ಸಲ ಡಾಕ್ಟ್ರನ್ನ ಕೇಳೋದು ಒಂದೇ ಮಾತಂತೆ, ‘ಮನೆ ಹೆಣ್ಮಗಳು ಸ್ವಾಮಿ, ತಾಯಿ ಕಳ್ಕಂಡೋಳು, ಹೆದರ್ದಂಗೆ ಹೆಂಗೆ ಕರ್ಕಂಬರೋದು’ ಅಂತ. ಯಾವ ಹೆಣ್ಮಗಳೋ ಏನೋ, ನಮಗ್ಯಾಕೆ ಬುಡು... ಅಂದಂಗೆ, ನಿಮ್ಮನೇಲಿ ಎರಡೆಸಳು ಕರಿಬೇವು ಐತೇನಮ್ಮ?”